ಯುದ್ಧದ ನಡುವೆ ಎಂಟು ಎಣಿಕೆ

ಹೋದ ತಿಂಗಳು ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದಿತ್ತು. ನೀರಾವರಿ ಇಲಾಖೆಯ ನಿವೃತ್ತ ವಾಹನ ಚಾಲಕರು ತೀರಿಕೊಂಡರು, ಶಹಾಪುರದಲ್ಲಿ ಅಂತ್ಯಕ್ರಿಯೆ ನಡೆಯಿತು. ಅಷ್ಟೇ. ಓದಿದ ಕೂಡಲೇ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ವಾಹನ ಚಾಲಕರಂತೆ! ಜೀಪು ಓಡಿಸುತ್ತಿದ್ದದ್ದು ಸುಳ್ಳಲ್ಲ. ಆದರೆ ಶಹಾಪುರದಿಂದ ಸುರಪುರದವರೆಗೆ ಯಾವ ಓಣಿಗಾದರೂ ಹೋಗಿ ಕೇಳಿ. ಅವರನ್ನು ಡ್ರೈವರ್ ಎಂದು ಗುರುತು ಹಿಡಿಯುವವರು ನಮ್ಮ ಆಫೀಸಿನ ಏಳೆಂಟು ಮಂದಿ ಬಿಟ್ಟರೆ ಇನ್ನೊಬ್ಬರು ಸಿಗಲಿಕ್ಕಿಲ್ಲ. ಉಳಿದವರಿಗೆಲ್ಲ ಅವರು ಬ್ಯಾಂಡ್ ಮಾಸ್ತರ. ನನಗೂ ಮಾಸ್ತರರೇ. ಪೇಪರಿನವರು ಬರೆಯದ್ದನ್ನು ನಾನಾದರೂ ಬರೆಯೋಣ ಎಂದು ಕೂತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವರಿಗೇ ಸೇರುತ್ತಿರಲಿಲ್ಲ. ಉಳಿದ ಬ್ಯಾಂಡಿನವರೆಲ್ಲ ದೊಡ್ಡ ಡ್ರಮ್ಮಿನ ಮೇಲೆ ತಮ್ಮ ಹೆಸರು, ತಮ್ಮ ಅಪ್ಪನ ಹೆಸರು, ಫೋನ್ ನಂಬರು ಎಲ್ಲ ಬಣ್ಣದಲ್ಲಿ ಬರೆಸುತ್ತಾರೆ. ಇವರ ಡ್ರಮ್ಮಿನ ಮೇಲೆ ಒಂದು ಕಮಲದ ಹೂವು, ಕೆಳಗೆ ಶಹಾಪುರ ಎಂದಷ್ಟೇ ಇತ್ತು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಹೆಸರು ಬರಿಸಿದ್ರ ದಿನಾ ಅದರ ಮ್ಯಾಲ ಬಡಿಗಿಲೆ ಬಡೀತಾರಲ್ರಿ ಅಕ್ಕಾರ" ಎಂದಿದ್ದರು.

ನಾನು ಭೀಮರಾಯನಗುಡಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದಾಗ ಅವರು ಆಗಲೇ ಅಲ್ಲಿ ಹಳಬರು. ಸಾಹೇಬರು ಹೊರಗೆ ಬರುವವರೆಗೆ ನನ್ನ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಎತ್ತರದ ಆಳು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ತುತ್ತೂರಿ ಊದಿ ಊದಿ ಮೇಲ್ದುಟಿಯ ನಡುವೆ ಬಿದ್ದ ಒಂದು ದುಂಡನೆಯ ಗುರುತು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಿಟಕಿಯಿಂದ ಅವರ ದನಿ ಬಂತು.

"ಅಕ್ಕಾರ, ಮನ್ಯಾಗ ಏನರ ಜಗಳ ಆಗ್ಯಾದೇನ್ರಿ? ನಿನ್ನಿ ಹಂಗ ಇಲ್ಲ ನಿಮ್ಮ ಟೈಪಿಂಗು. ಲಯ ತಪ್ಪಾಕತ್ತದ."

ಜಗಳ ಆಗಿತ್ತು ಅನ್ನುವುದು ಖರೆ. ಆದರೆ ಇವರಿಗೇನು ಅಧಿಕಾರ ಎಂದು ಕಿಟಕಿಯನ್ನು ರಪ್ಪನೆ ಮುಚ್ಚಿದ್ದೆ. ನನ್ನ ಬಾಯಿಯೂ ಕೈಯೂ ಆಗಿನಿಂದಲೇ ಜೋರು. ಮರುದಿನ ನಾನೇ ಕಿಟಕಿ ತೆಗೆದೆ, ಸೆಕೆ ತಡೆಯಲಾಗಲಿಲ್ಲ.

ಜೀಪಿನ ಹಾರ್ನನ್ನು ಅವರು ಒತ್ತುತ್ತಿರಲಿಲ್ಲ. ಅದು ಬೇಸೂರ, ಶ್ರುತಿಗೇ ಸೇರುವುದಿಲ್ಲ ಎಂದು ಅವರ ತಕರಾರು. ದಾರಿಗೆ ಎಮ್ಮೆ ಅಡ್ಡ ಬಂದರೆ ತಲೆ ಹೊರಗೆ ಹಾಕಿ "ಸರೀರೆವ್ವಾ, ಸಾಹೇಬ್ರಿಗಿ ಮೀಟಿಂಗ್ ಅದ" ಎಂದು ಕೂಗುತ್ತಿದ್ದರು. ಎಮ್ಮೆಗಳು ಸರಿಯುತ್ತಿದ್ದವೋ ಇಲ್ಲವೋ, ಸಾಹೇಬರಂತೂ ತಲೆ ಕೆಳಗೆ ಹಾಕಿ ಫೈಲು ಓದುತ್ತಿದ್ದರಂತೆ.

ಇನ್ನು ಅವರ ರಜೆ ಅರ್ಜಿಗಳ ವಿಷಯ. ಅವನ್ನು ನಾನೇ ಟೈಪ್ ಮಾಡಬೇಕಾಗಿತ್ತು, ಕಾರಣ ಯಾವಾಗಲೂ ಒಂದೇ, ಹೊಟ್ಟೆನೋವು. ವೈಶಾಖದಲ್ಲಿ ಅವರ ಹೊಟ್ಟೆ ಪಾಪ ವಾರಕ್ಕೆ ಎರಡು ಸಲ ನೋಯುತ್ತಿತ್ತು, ಆಷಾಢದಲ್ಲಿ ಇಡೀ ತಿಂಗಳು ಕಲ್ಲು ತಿಂದರೂ ಅರಗುತ್ತಿತ್ತು. ಒಬ್ಬ ಸಾಹೇಬರು ತಮ್ಮ ತಂಗಿಯ ಲಗ್ನಕ್ಕೆ ದಿನ ನೋಡುವಾಗ ನನ್ನನ್ನು ಕರೆದು, "ನಮ್ಮ ಡ್ರೈವರಿಗೆ ಮುಂದಿನ ತಿಂಗಳು ಯಾವ ಯಾವ ತಾರೀಖಿಗೆ ಹೊಟ್ಟೆ ನೋಯ್ತದ, ಜರಾ ಹೇಳ್ರಿ" ಎಂದರು. ನಾನು ಅರ್ಜಿ ತೆಗೆದು ಓದಿದೆ. ಅದರಲ್ಲೊಂದು ದಿನವನ್ನೇ ಗಟ್ಟಿ ಮಾಡಿದರು.

ನನ್ನ ಲಗ್ನಕ್ಕೂ ಅವರ ಬ್ಯಾಂಡೇ ಬಂದಿತ್ತು. ಆ ದಿನದ ಒಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಮದುಮಗ ಮೊದಲು ಹನುಮಪ್ಪನ ಗುಡಿಗೆ ಬರುತ್ತಾನೆ. ಹುಡುಗಿಯ ಕಡೆಯವರು ಅಲ್ಲಿಗೇ ಹೋಗಿ ಆರತಿ ಮಾಡಿ, ಬ್ಯಾಂಡು ಬಾರಿಸಿಕೊಂಡು ಹಂದರಕ್ಕೆ ಕರೆತರುತ್ತಾರೆ. ಆ ದಿನ ನಮ್ಮವ್ವ ಆರತಿ ತಟ್ಟೆ ಹಿಡಿದುಕೊಂಡು ನಮ್ಮವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ನಮ್ಮವ್ವ ಹೆಚ್ಚು ಮಾತಾಡುವವಳೇ ಅಲ್ಲ. ಅಂಥವಳು ಅವತ್ತು ಬಾಯಿ ತೆಗೆದು ಮಾತಾಡಿದಳು ಎಂದರೆ ಅದು ಎಷ್ಟು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಮಾತೋ! ಸರಿಯಾಗಿ ಅದೇ ಹೊತ್ತಿಗೆ ಮಾಸ್ತರರ ತುತ್ತೂರಿ ಏರಿತು, ಡ್ರಮ್ಮು ಬಡಿಯಿತು. ನಮ್ಮವರು ತಲೆಯಾಡಿಸಿದರು. ಏನು ಹೇಳಿದಳು ಎಂದು ಆಮೇಲೆ ಕೇಳಿದೆ.

"ಕೇಳಿಸ್ಲಿಲ್ಲ. ಬ್ಯಾಂಡು ಬಾರಿಸ್ತಿತ್ತಲ್ಲ, ಹೂಂ ಅಂದೆ" ಎಂದರು.

ಅವ್ವನನ್ನೇ ಕೇಳಿದೆ. "ಅದು ಅಳಿಯಗ ಹೇಳಿದ್ದು, ನಿನಗ್ಯಾಕ?" ಎಂದು ನಕ್ಕಳು. ಅಳಿಯನಿಗೆ ಕೇಳಿಸಲೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರು ವರ್ಷಕ್ಕೆ ಅವ್ವ ಹೋಗಿಬಿಟ್ಟಳು. ಆ ಮಾತು ಏನಾಗಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವ್ವ ಹೋದ ಮೇಲೆ ಒಂದು ದಿನ ಮಾಸ್ತರರ ಮೇಲೆ ಹರಿಹಾಯ್ದೆ. ನಿಮ್ಮ ತುತ್ತೂರಿ ನಮ್ಮವ್ವನ ಮಾತು ನುಂಗಿತು, ಹೆಣ್ಣು ಕೊಡುವವರ ಬಾಯಿ ಮುಚ್ಚಿಸಲಿಕ್ಕೇ ನಿಮ್ಮನ್ನು ಕರೆಸುತ್ತಾರೇನು ಎಂದೆಲ್ಲ ಅಂದೆ. ಅವರು ಜೀಪಿನ ಗಾಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿದರು.

"ಗಲತಿ ನಂದ ಅದರಿ ಅಕ್ಕಾರ" ಎಂದರು. ಆಮೇಲೆ ಅದೇ ಗಾಜನ್ನು ಮತ್ತೆ ಮೊದಲಿನಿಂದ ಒರೆಸಿದರು.

ಮರುವರ್ಷ ಆ ಸಿನಿಮಾ ಬಂತು.

ಯಾದಗಿರಿಯಲ್ಲಿ ಆಗ ಇದ್ದ ಒಂದು ಟಾಕೀಜಿಗೆ ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ. ಬೇರೆ ಯಾವುದೋ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುತ್ತಾರೆ, ನಮ್ಮವರು ಆಕಾಶದಲ್ಲೇ ಹಡಗು ಹಾರಿಸಿಕೊಂಡು ಹೋಗಿ ಕಾದಾಡುತ್ತಾರೆ, ಅಂಥದ್ದು. ಸಾಹೇಬರಿಗೆ ಯಾದಗಿರಿಯಲ್ಲಿ ಇಡೀ ದಿನ ಮೀಟಿಂಗ್ ಇತ್ತು. ಬಿಸಿಲಿಗೆ ಜೀಪಿನಲ್ಲಿ ಕೂರಲಾಗದೆ, ಕಣ್ಣು ಮುಚ್ಚಿ ಒಂದು ನಿದ್ದೆ ಮಾಡೋಣ ಎಂದು ಮಾಸ್ತರರು ಟಾಕೀಜಿನ ಒಳಗೆ ಹೋದರು. ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಿಟಕಿಗೆ ಬಂದು ನಿಂತಾಗ ಅವರ ಮುಖವೇ ಬೇರೆಯಾಗಿತ್ತು.

"ಅಕ್ಕಾರ, ನೂರು ಮಂದಿ ಒಮ್ಮಿಗೇ ಉಸಿರು ಎಳ್ಕೊಂಡಿದ್ದು ಎಂದರ ಕೇಳೀರೇನ್ರಿ?"

"ಇಲ್ಲ ಮಾಸ್ತರ್ರ. ಎಲ್ಲಿ ಕೇಳಿದ್ರಿ?"

"ಸಿನಿಮಾದಾಗ್ರಿ. ಊದೂಕಿಂತ ಮೊದಲ ಅವರು ಉಸಿರು ಎಳ್ಕೋತಾರ. ನೂರು ಮಂದಿ! ಆಮ್ಯಾಲ ಊದ್ತಾರ ನೋಡ್ರಿ, ಎದಿ ಝಲ್ ಅಂತದ."

ಆ ಸಿನಿಮಾ ಎಂಟು ದಿನ ನಡೆಯಿತು, ಎಂಟೂ ದಿನ ಮಾಸ್ತರರು ಹೋದರು. ಮೂರು ದಿನ ಸಾಹೇಬರ ಮೀಟಿಂಗು, ಐದು ದಿನ ಹೊಟ್ಟೆನೋವು. ಎಂಟು ದಿನವೂ ಅವರು ಸಿನಿಮಾ ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿದರು. ಅದಕ್ಕೂ ಒಂದು ಕ್ರಮವಿತ್ತು. ಒಂದು ದಿನ ಬರೀ ತುತ್ತೂರಿ ಕೇಳುವುದು, ಒಂದು ದಿನ ಬರೀ ಪಿಟೀಲು, ಒಂದು ದಿನ ತಳದಲ್ಲಿ ಗುಡುಗುವ ದೊಡ್ಡ ಕೊಳವೆಗಳು, ಒಂದು ದಿನ ಡ್ರಮ್ಮು. ಕೈಯಲ್ಲಿ ಖಾಲಿ ಸೋಡಾ ಬಾಟಲಿ ಹಿಡಿದು ಅದರ ಮೇಲೆ ಮೂರು ಬೆರಳು ಆಡಿಸುತ್ತ ಕೂರುತ್ತಿದ್ದರಂತೆ. ಆಟ ಬಿಟ್ಟ ಕೂಡಲೇ ಹೊರಗೆ ಓಡಿ ಬಂದು, ನೆರಳಿನಲ್ಲಿ ಕೂತು, ಹಳೆಯ ನಾಲೆ ನಕ್ಷೆಗಳ ಹಿಂಬದಿಯಲ್ಲಿ ಸರಿಗಮದಲ್ಲಿ ಬರೆದುಕೊಳ್ಳುವುದು. ಆ ನಕ್ಷೆಗಳನ್ನು ನಾನು ನೋಡಿದ್ದೇನೆ. ಒಂದು ಮಗ್ಗುಲಿಗೆ ತೂಬುಗಳು, ಇನ್ನೊಂದು ಮಗ್ಗುಲಿಗೆ ಆಕಾಶ ಯುದ್ಧ.

"ಕಡೀಕ ಯಾರು ಗೆದ್ರು ಮಾಸ್ತರ್ರ?" ಎಂದು ಕೇಳಿದೆ.

"ಗೊತ್ತಿಲ್ರಿ. ಆದ್ರ ಮುಗಿಸೋ ಮುಂದ ಎಲ್ಲಾರೂ ಮ್ಯಾಲಿನ ಸಾ ಕ್ಕ ಬಂದು ಕೂಡ್ತಾರ. ಅಂದ್ರ ನಮ್ಮವರ ಗೆದ್ದಿರಬೇಕು."

ನೂರು ಮಂದಿಯ ಸಂಗೀತವನ್ನು ಹದಿನಾಲ್ಕು ಮಂದಿಗೆ ಹಂಚಬೇಕಾಗಿತ್ತು. ಪಿಟೀಲಿನ ಕೆಲಸವನ್ನು ಎರಡು ಕ್ಲಾರಿಯೋನೆಟ್ಟಿಗೂ ಸನಾದಿ ಊದುವ ಒಬ್ಬ ಮುದುಕನಿಗೂ ಕೊಟ್ಟರು. ಸಿನಿಮಾದಲ್ಲಿ ಒಂದು ಕಡೆ ಹಾಡುಗಾರರ ಗುಂಪು ಬರೀ 'ಓ' ಎಂದು ದನಿ ಎಳೆಯುತ್ತದಂತೆ, ಅದನ್ನು ತಾಳ ಬಡಿಯುವ ಇಬ್ಬರಿಗೆ ಒಪ್ಪಿಸಿದರು. ಭಾನುವಾರ ಬೆಳಿಗ್ಗೆ ನಾವಿದ್ದ ಇಲಾಖೆಯ ಕ್ಯಾಂಪಿನ ಮನೆಗಳ ಹಿಂದೆ, ಕಾಲುವೆ ದಂಡೆಯ ಮೇಲೆ ತಾಲೀಮು. ಕೆಂಪು ಕೋಟು ಇಲ್ಲದೆ, ಬನಿಯನ್ನಿನಲ್ಲಿ ನಿಂತು ಆ ಹದಿನಾಲ್ಕು ಜನ ಮೊದಲ ಸಲ ಒಟ್ಟಿಗೆ ಉಸಿರು ಎಳೆದುಕೊಂಡದ್ದು ನನಗೆ ನಮ್ಮ ಅಂಗಳದವರೆಗೆ ಕೇಳಿಸಿತು. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು.

ಆ ಸಂಗೀತದ ನಡುವೆ ಒಂದು ವಿಚಿತ್ರವಿತ್ತು. ಯುದ್ಧ ಜೋರಾಗುತ್ತದೆ, ತುತ್ತೂರಿಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಎಲ್ಲವೂ ಒಮ್ಮೆಲೇ ನಿಂತುಬಿಡುತ್ತದೆ. ಒಂದು ಸದ್ದಿಲ್ಲ. ಮಾಸ್ತರರ ಬ್ಯಾಂಡು ಎಂಟು ಎಣಿಸಿ ಡ್ರಮ್ಮಿನಿಂದ ಮತ್ತೆ ಶುರು ಮಾಡುತ್ತಿತ್ತು. ಮಾಸ್ತರರಿಗೆ ಇಡೀ ಸಂಗೀತದಲ್ಲಿ ಅತಿ ಮೆಚ್ಚುಗೆಯಾದದ್ದು ಇದೇ.

"ಅದನ್ನ ಕಟ್ಟಿದಾಂವಗ ಎಂಥಾ ಧೈರ್ಯ ನೋಡ್ರಿ. ಯುದ್ಧದ ನಡುವ ಸುಮ್ಮ ನಿಲ್ಲಿಸಿಬಿಟ್ಟಾನ. ಹಂಗ ನಿಲ್ಲಿಸ್ಯಾನ ಅಂತನs ಟಾಕೀಜದವರು ಅಲ್ಲೇ ಇಂಟರ್ವಲ್ ಬಿಡ್ತಾರ. ಅವರು ಹತ್ತು ಮಿನಿಟು ಬಿಡ್ತಾರ, ನಾವು ಎಂಟು ಎಣಿಕಿ ಬಿಡೋದು."

ಮೊದಲ ಸಲ ಅದನ್ನು ಬಾರಿಸಿದ್ದು ಮುದನಾಳದ ಒಂದು ಲಗ್ನದಲ್ಲಿ. ನಾನೂ ಹೋಗಿದ್ದೆ, ಹುಡುಗಿಯ ಕಡೆಯವರು ನಮಗೆ ಬೇಕಾದವರು. ಗುಡಿಯ ಮುಂದೆ ಆಕಾಶ ಯುದ್ಧ ಶುರುವಾಯಿತು. ಹುಡುಗಿಯ ತಾಯಿ ಆರತಿ ತಟ್ಟೆ ಹಿಡಿದು ಅಳಿಯನಿಗೆ ಏನೋ ಹೇಳುತ್ತಿದ್ದಳು, ಬ್ಯಾಂಡಿನ ಗದ್ದಲಕ್ಕೆ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದಳು. ಆಗ ಬ್ಯಾಂಡು ಗಪ್ಪನೆ ನಿಂತಿತು. ಅವಳ ದನಿ ಇಡೀ ಓಣಿಗೆ ಕೇಳಿಸಿತು.

"ನಮ್ಮ ಹುಡುಗಿ ಮುಂಜಾನಿ ಛಾ ಕುಡಿಯೋತನಾ ಸಿಟ್ಟಿನ್ಯಾಗ ಇರ್ತಾಳ್ರೆಪಾ, ಮನಸಿಗಿ ಹಚ್ಕೋಬ್ಯಾಡ್ರಿ!"

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಮದುಮಗ ನಾಚಿ, ಕೈ ಮುಗಿದು, "ಆತ್ರಿ ಅತ್ತಿ, ಮೊದಲ ಛಾ ಕೊಡ್ತೀನಿ, ಆಮ್ಯಾಲ ಮಾತಾಡಸ್ತೀನಿ" ಎಂದ. ನಗು ಮುಗಿಯುವಷ್ಟರಲ್ಲಿ ಎಂಟು ಎಣಿಕೆ ತುಂಬಿತು, ಡ್ರಮ್ಮು ಬಿತ್ತು, ತುತ್ತೂರಿಗಳು ತುದಿ ಮುಟ್ಟಿದವು. ಆ ಹುಡುಗ ಇವತ್ತಿಗೂ ಬೆಳಿಗ್ಗೆ ಎದ್ದು ತಾನೇ ಚಹಾ ಮಾಡುತ್ತಾನೆ. ಅವನಿಗೂ ಈಗ ಮೊಮ್ಮಕ್ಕಳಾಗುವ ಹೊತ್ತು.

ಅಲ್ಲಿಂದ ಅದು ಹಬ್ಬಿತು. ಬ್ಯಾಂಡು ಗೊತ್ತು ಮಾಡಲು ಬಂದ ಹೆಂಗಸರು, "ಆ ನಿಲ್ಲಿಸೋದು ಬಾರಿಸ್ತೀರಲ್ರಿ?" ಎಂದು ಕೇಳತೊಡಗಿದರು. ಅದಕ್ಕೆ 'ಅವ್ವನ ಮಾತು' ಎಂದು ಹೆಸರೂ ಬಿತ್ತು. ಬೇರೆ ಗ್ರಹದವರು ಭೂಮಿಗೆ ಬೆಂಕಿ ಇಡುವ ಸಂಗೀತಕ್ಕೆ! ಹತ್ತಿಕುಣಿಯ ಒಬ್ಬ ತಾಯಿ ಆ ಎಂಟು ಎಣಿಕೆಯಲ್ಲಿ "ನಂಬೀನ್ರಿ" ಎಂದಷ್ಟೇ ಹೇಳಿದಳಂತೆ. ಸುರಪುರದ ಕಡೆ ಹೊಳೆದಂಡೆಯ ಊರಿನಲ್ಲಿ, ಮೀನು ಹಿಡಿಯುವವರ ಮನೆಯ ತಾಯಿಯೊಬ್ಬಳು, "ಈಕಿಗಿ ನಿಮಗಿಂತ ಚಲೋ ಈಜು ಬರ್ತದ, ಪಣ ಕಟ್ಟಬ್ಯಾಡ್ರಿ" ಎಂದಳಂತೆ. ತಾಯಿ ಇಲ್ಲದ ಒಬ್ಬ ಹುಡುಗಿಯ ಅಪ್ಪ ಬಾಯಿ ಬಿಡಲಾಗದೆ ಅಳಿಯನ ರುಮಾಲು ಸರಿಪಡಿಸಿ ಹಿಂದೆ ಸರಿದನಂತೆ. ಇದೆಲ್ಲ ಮಾಸ್ತರರೇ ಬಂದು ಹೇಳುತ್ತಿದ್ದದ್ದು. ಬೆಂಚಿನ ಮೇಲೆ ಕೂತು, ಕಿಟಕಿಯ ಕಡೆ ಮುಖ ಮಾಡದೆ, ತಮ್ಮಷ್ಟಕ್ಕೆ ಎಂಬಂತೆ ಹೇಳುತ್ತಿದ್ದರು. ನನಗೆ ಕೇಳಿಸಲಿ ಎಂದೇ ಹೇಳುತ್ತಿದ್ದರು.

ಎಂಟೇ ಯಾಕೆ ಎಂದು ಒಮ್ಮೆ ಕೇಳಿದೆ.

"ಏಳಕ್ಕ ಮಾತು ಮುಗೀತದರಿ. ಒಂಬತ್ತಕ್ಕ ಅಳು ಸುರು ಆಗ್ತದ" ಎಂದರು.

ಆಗ ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅವಳ ಲಗ್ನದಲ್ಲಿ ನಾನು ಏನು ಹೇಳಬೇಕು ಎಂದು ಆಗಿನಿಂದಲೇ ಮನಸ್ಸಿನಲ್ಲಿ ಕಟ್ಟತೊಡಗಿದೆ. ನಗಬೇಡಿ. ನಮ್ಮವ್ವನ ಮಾತು ಗಾಳಿಗೆ ಹೋಯಿತು, ನನ್ನದಾದರೂ ಕೇಳಿಸಬೇಕು ಎಂಬ ಹಟ. ವರ್ಷಕ್ಕೊಮ್ಮೆ ಅದನ್ನು ತಿದ್ದುತ್ತಿದ್ದೆ. ಟೈಪಿಸ್ಟ್ ಅಲ್ಲವೇ, ಕಾಗುಣಿತ ಸಹಿತ ಬಾಯಿಪಾಠವಾಗಿತ್ತು.

ಆಫೀಸಿಗೆ ಕಂಪ್ಯೂಟರ್ ಬಂತು. ಟೈಪ್ ಮೆಷಿನ್ನು ಹೋದ ದಿನ ಮಾಸ್ತರರು ಬೇಸರಪಟ್ಟು, "ಇನ್ನ ನಿಮ್ಮ ಮನಿ ಸುದ್ದಿ ನಮಗ ತಿಳಿಯಂಗಿಲ್ಲ ಬಿಡ್ರಿ" ಎಂದರು. ಅವರು ನಿವೃತ್ತರಾದರು. ಊರೂರಿಗೆ ಡಿಜೆ ಗಾಡಿಗಳು ಬಂದವು, ಹದಿನಾಲ್ಕು ಜನರ ಬ್ಯಾಂಡು ಒಂಬತ್ತಕ್ಕಿಳಿಯಿತು. ಆದರೂ ಗುಡಿಯ ಮುಂದಿನ ಆ ಒಂದು ಬಾರಿಸುವಿಕೆಗೆ ಅವರನ್ನೇ ಕರೆಯುತ್ತಿದ್ದರು. ಡಿಜೆಯವನು ಬದಿಗೆ ನಿಂತು ಕಾಯುತ್ತಿದ್ದ.

ನನ್ನ ಮಗಳು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು. ಅವಳಿಗೆ ಅಲ್ಲಿಯದೇ ಒಬ್ಬ ಶಾಲೆ ಮಾಸ್ತರನ ಸಂಬಂಧ ಗಟ್ಟಿಯಾದ ದಿನವೇ ನಾವು ತಾಯಿ-ಮಗಳು ಕೂಡಿ ಬ್ಯಾಂಡ್ ಮಾಸ್ತರರ ಮನೆಗೆ ಹೋದೆವು. ಅವರ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಹಲ್ಲು ಹೋದರೆ ತುತ್ತೂರಿ ಊದಲಾಗುವುದಿಲ್ಲ. "ಡಾಕ್ಟ್ರು ಈಗಿಂದೀಗ ಕೀಳಬೇಕು ಅಂತಾರ. ನಿಮ್ಮ ಮಗಳ ಲಗ್ನ ಆಗಲಿ, ಆಮ್ಯಾಲ ಕೀಳ್ರಿ ಅಂದೀನಿ. ಇದs ಕಡೀದು" ಎಂದರು.

ಮಗಳಿಗೆ ಬಹಳ ಪ್ರೀತಿ ಉಕ್ಕಿತು. ಅವರಿಗೆ ಉಡುಗೊರೆಯಾಗಿ ಫೋನಿನಲ್ಲಿ ಒಂದು ವಸ್ತು ತಂದಿದ್ದಳು. ಆ ಸಿನಿಮಾದ ಅದೇ ಸಂಗೀತ, ದೊಡ್ಡದೊಂದು ಸಭಾಗೃಹದಲ್ಲಿ ನೂರು ಮಂದಿ ಕೂತು ಬಾರಿಸಿದ್ದು. "ಕೇಳ್ರಿ ಕಾಕಾ" ಎಂದು ಅವರ ಎರಡೂ ಕಿವಿಗೆ ಇಯರ್‌ಫೋನ್ ಇಟ್ಟಳು. ಮಾಸ್ತರರು ಕಣ್ಣು ಮುಚ್ಚಿದರು. ಆ ಉಸಿರು ಬಂದಾಗ ನಕ್ಕರು. ಪಿಟೀಲು ಬಂದಾಗ ಕಣ್ಣಂಚಿನಲ್ಲಿ ನೀರು ಬಂತು. ಆಮೇಲೆ ಅವರ ಬಲಗೈ ನಿಧಾನ ಮೇಲೇರಿತು. ಅದು ಬ್ಯಾಂಡು ನಿಲ್ಲಿಸುವ ಕೈ. ಏರಿದ ಕೈ ಹಾಗೇ ನಿಂತಿತು, ಮುಖದ ಮೇಲಿನ ನಗು ಆರಿತು.

"ಇನ್ನೊಮ್ಮಿ ಹಚ್ಚವ್ವಾ" ಎಂದರು. ಮೂರು ಸಲ ಕೇಳಿದರು. ಇಯರ್‌ಫೋನ್ ತೆಗೆದು ಮಗಳ ಕೈಯಲ್ಲಿಟ್ಟರು.

"ನಿಲ್ಲಂಗೇ ಇಲ್ಲ. ಇವರು ನಿಲ್ಲಿಸೇ ಇಲ್ಲ" ಎಂದರು.

ಮರುದಿನ ಯಾದಗಿರಿಗೆ ಹೊರಟರು. ಈ ಫಜೀತಿ ತಂದವರು ನಾವೇ ಆದ್ದರಿಂದ ನಾನೂ ಬಸ್ಸು ಹತ್ತಿದೆ. ಟಾಕೀಜು ಈಗ ಮದುವೆ ಮಂಟಪವಾಗಿದೆ. ಅಲ್ಲಿ ಮೆಷಿನ್ನು ನಡೆಸುತ್ತಿದ್ದ ಮುದುಕ ಎದುರಿನ ಚಹಾದಂಗಡಿಯಲ್ಲೇ ಸಿಕ್ಕ. ಮಾಸ್ತರರು ಕೇಳಿದ್ದಕ್ಕೆ ಅವನು ಒಂದು ನಿಮಿಷವೂ ಯೋಚಿಸಲಿಲ್ಲ.

"ಇಂಗ್ಲಿಷ್ ಸಿನಿಮಾಕ್ಕ ಇಂಟರ್ವಲ್ಲೇ ಇರಂಗಿಲ್ರಿ. ನಾವs ಯಾವುದರ ರೀಲ್ ಮುಗಿಯೋ ಹೊತ್ತು ನೋಡಿ ನಿಲ್ಲಿಸಬೇಕು. ಅದರದು ಐದನೇ ರೀಲ್ ಆ ಲಡಾಯಿ ನಡುವ ಮುಗೀತಿತ್ತು. ನಾಕನೇದಕ್ಕ ನಿಲ್ಲಿಸಿದ್ರ ಕ್ಯಾಂಟೀನದಾಗ ಮಿರ್ಚಿ ಭಜಿ ತಯಾರ್ ಇರಂಗಿಲ್ಲ. ಆರನೇದಕ್ಕ ನಿಲ್ಲಿಸಿದ್ರ ಆರಿ ತಣ್ಣಗಾಗ್ತಾವ. ಅದಕ್ಕ ಐದನೇದಕ್ಕ."

ವಾಪಸ್ಸು ಬಸ್ಸಿನಲ್ಲಿ ಅರ್ಧ ದಾರಿ ಮಾಸ್ತರರು ಮುಂದಿನ ಸೀಟಿನ ಕಂಬಿಯ ಮೇಲೆ ಮೂರು ಬೆರಳು ಆಡಿಸುತ್ತ ಕೂತಿದ್ದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಇಷ್ಟು ವರ್ಷ ನಾ ಮಿರ್ಚಿ ಭಜಿ ಬಾರಿಸೀನಿ ಅಕ್ಕಾರ" ಎಂದರು. ನಾನು ತಡೆಯಲಾಗದೆ ನಕ್ಕುಬಿಟ್ಟೆ. ಅವರು ನಗಲಿಲ್ಲ.

"ನಿಮ್ಮ ಮಗಳ ಲಗ್ನದಾಗ ಬರೋಬ್ಬರಿ ಬಾರಿಸ್ತೀನಿ. ಎಲ್ಲೂ ನಿಲ್ಲಿಸದ."

ನನ್ನ ನಗು ಅಲ್ಲೇ ನಿಂತಿತು. "ನಿಲ್ಲಿಸದ? ಮತ್ತ ನನ್ನ ಮಾತು?"

"ಗೊತ್ತಿಲ್ದ ಬಾರಿಸಿದ್ರ ಅದು ಗಲತಿ. ಗೊತ್ತಾದ ಮ್ಯಾಲೂ ಬಾರಿಸಿದ್ರ ಅದು ಸುಳ್ಳು. ಕಡೀ ಸಲ ಸುಳ್ಳು ಬಾರಿಸಿ ತುತ್ತೂರಿ ಕೆಳಗಿಡ್ಲೇನ್ರಿ?"

ನಾನು ಬಸ್ಸು ಎಂದೂ ನೋಡದೆ ಬೈದೆ. ನಿಮ್ಮ ನೂರು ಮಂದಿ ಬಂದು ನನ್ನ ಮಗಳ ಲಗ್ನ ಮಾಡಿಕೊಡುತ್ತಾರೇನು, ಇಪ್ಪತ್ತೈದು ವರ್ಷ ಕಾದವಳು ನಾನು, ಅಷ್ಟು ಸರಿ ಬಾರಿಸುವುದಿದ್ದರೆ ನಮ್ಮ ಮನೆಗೆ ಬರಲೇಬೇಡಿ ಎಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

"ಬರ್ತೀನ್ರಿ. ನಿಮ್ಮ ಲಗ್ನಕ್ಕೂ ಬಂದೀನಿ" ಎಂದರು.

ಮುಂದಿನ ಭಾನುವಾರ ಕಾಲುವೆ ದಂಡೆಯಿಂದ ತಾಲೀಮು ಕೇಳಿಸಿತು. ತುತ್ತೂರಿಗಳು ಮೆಟ್ಟಿಲು ಏರಿದವು, ಎಲ್ಲೂ ನಿಲ್ಲದೆ ತುದಿ ಮುಟ್ಟಿದವು. ಬಹಳ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ. ನನ್ನ ಮಾತನ್ನು ಮನಸ್ಸಿನಲ್ಲೇ ಮಡಿಚಿ ಒಳಗಿಟ್ಟೆ. ನಮ್ಮವ್ವನಿಗೆ ಇಲ್ಲದ ಭಾಗ್ಯ ನನಗೆಲ್ಲಿಂದ ಬರಬೇಕು ಎಂದುಕೊಂಡೆ.

ಲಗ್ನದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹನುಮಪ್ಪನ ಗುಡಿಯ ಮುಂದೆ ಒಂಬತ್ತು ಕೆಂಪು ಕೋಟುಗಳು ಸಾಲಾಗಿ ನಿಂತವು. ಮಾಸ್ತರರು ಯಾವಾಗಿನಂತೆ ನಮಗೆ ಬೆನ್ನು ಮಾಡಿ, ಬ್ಯಾಂಡಿಗೆ ಮುಖ ಮಾಡಿ ನಿಂತಿದ್ದರು. ಒಂಬತ್ತೂ ಮಂದಿ ಉಸಿರು ಎಳೆದುಕೊಂಡರು. ಯುದ್ಧ ಶುರುವಾಯಿತು. ನಾನು ಆರತಿ ಮುಗಿಸಿ, ತಟ್ಟೆ ಹಿಡಿದುಕೊಂಡು ಅಳಿಯನ ಪಕ್ಕದಲ್ಲಿ ನಿಂತಿದ್ದೆ. ಏನೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮಾಸ್ತರರು ಒಮ್ಮೆ ಹಿಂದಿರುಗಿ ನನ್ನ ಕಡೆ ನೋಡಿದರು, ಮತ್ತೆ ಆ ಕಡೆ ತಿರುಗಿದರು. ತುತ್ತೂರಿಗಳು ಏರತೊಡಗಿದವು. ಅವರ ಬಲಗೈ ಮೇಲೆದ್ದಿತು.

ಬ್ಯಾಂಡು ನಿಂತಿತು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ನನಗೋ, ಇಪ್ಪತ್ತೈದು ವರ್ಷ ತಿದ್ದಿ ತಿದ್ದಿ ಇಟ್ಟ ಮಾತಿನಲ್ಲಿ ಒಂದು ಅಕ್ಷರವೂ ನೆನಪಿಗೆ ಬರುತ್ತಿಲ್ಲ. ಮೂರು ಆಯಿತು, ನಾಲ್ಕು ಆಯಿತು. ಏಳು. ಎಂಟು. ಈಗ ಡ್ರಮ್ಮು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಒಂಬತ್ತಕ್ಕೆ ಅವರು ಹೇಳಿದಂತೆಯೇ ಅಳು ಬಂತು. ಕಣ್ಣು ಬಿಟ್ಟು ನೋಡಿದರೆ ಮಾಸ್ತರರು ಪೂರ್ತಿ ನನ್ನ ಕಡೆಗೇ ತಿರುಗಿ ನಿಂತಿದ್ದಾರೆ, ಕೈ ಇನ್ನೂ ಮೇಲೇ ಇದೆ. ಹಿಂದೆ ತುತ್ತೂರಿಯವರು ಉಸಿರು ಹಿಡಿದು ಹಿಡಿದು ಮುಖ ಕೆಂಪಾಗಿಸಿಕೊಂಡಿದ್ದಾರೆ. ಕೈ ಇಳಿಯುತ್ತಿಲ್ಲ. ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಅಳಿಯನ ಕಡೆ ತಿರುಗಿದೆ.

"ನಾ ಹೇಳೋದು ಕೇಳಿಸ್ತದೇನ್ರಿ?" ಎಂದೆ. ಬಾಯಿಗೆ ಬಂದದ್ದು ಅದೊಂದೇ.

"ಕೇಳಿಸ್ತದರಿ ಅತ್ತಿ" ಎಂದ ಅಳಿಯ.

"ಆಕಿ ಹೇಳೋದೂ ಹಿಂಗs ಕೇಳಿಸ್ಕೊಳ್ರಿ."

ಅಳಿಯ ತಲೆಯಾಡಿಸಿದ. ನಮ್ಮವರು ಆ ಬದಿಯಲ್ಲಿ ನಿಂತು ಮುಖ ಬೇರೆ ಕಡೆ ಮಾಡಿ ಕಣ್ಣೊರೆಸಿಕೊಂಡರು. ಮಾಸ್ತರರ ಕೈ ಇಳಿಯಿತು, ಡ್ರಮ್ಮು ಬಿತ್ತು. ಅಷ್ಟು ಹೊತ್ತು ಹಿಡಿದಿಟ್ಟ ಉಸಿರೆಲ್ಲ ಒಮ್ಮೆಲೇ ತುತ್ತೂರಿಗಳಿಗೆ ನುಗ್ಗಿ, ಆ ಮೇಲಿನ ಸ್ವರ ಎಷ್ಟು ಜೋರಾಗಿ ಬಂತೆಂದರೆ ಗುಡಿಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

ಊಟದ ಹೊತ್ತಿನಲ್ಲಿ ಮಾಸ್ತರರು ಕೆಂಪು ಕೋಟನ್ನು ಮಡಿಲಲ್ಲಿಟ್ಟುಕೊಂಡು, ಅಲ್ಲಾಡುವ ಹಲ್ಲಿಗೆ ತಾಗದಂತೆ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ನಾನು ತುಪ್ಪದ ಗಿಂಡಿ ಹಿಡಿದು ಹೋಗಿ ಅವರ ಎದುರೇ ಕೂತೆ.

"ಕಡೀಕ ಸುಳ್ಳೇ ಬಾರಿಸಿದ್ರಲ್ಲ ಮಾಸ್ತರ್ರ."

"ಸುಳ್ಳಲ್ರಿ. ಅವರದೂ ಖರೇ, ನಮ್ಮದೂ ಖರೇ. ಅವರ ಯುದ್ಧದಾಗ ಹೆಣ್ಣು ಕೊಡೋರು ಇರಲಿಲ್ಲ, ನಿಲ್ಲಿಸಲಿಲ್ಲ." ಒಂದು ತುತ್ತು ನುಂಗಿ ಮುಂದುವರಿಸಿದರು. "ನಿಲ್ಲಿಸಬಾರದು ಅಂತನs ಸುರು ಮಾಡಿದ್ದೆ. ಹಿಂದ ಹೊಳ್ಳಿ ನೋಡಿದೆ. ನೀವು ಆರತಿ ತಾಟು ಹಿಡ್ಕೊಂಡು ನಿಮ್ಮವ್ವ ನಿಂತಂಗ ನಿಂತಿದ್ರಿ."

ಅವರ ಎಲೆಗೆ ತುಪ್ಪ ಬಡಿಸಿದೆ. ಸಾಕು ಎಂದು ಕೈ ಅಡ್ಡ ಹಿಡಿದರೂ ಬಡಿಸಿದೆ. ಆಮೇಲೆ ಏನಾದರೂ ಮಾತಾಡಬೇಕಲ್ಲ ಎಂದು, ಅವತ್ತು ಎಷ್ಟು ಎಣಿಸಿದಿರಿ ಎಂದು ಕೇಳಿದೆ.

"ಮೂವತ್ತೊಂದು" ಎಂದರು ಮಾಸ್ತರರು. "ಎಂಟು ನಿಮ್ಮವು. ಉಳಿದಾವು ನಿಮ್ಮವ್ವನವು."